ವಸ್ತಿ ಬಸ್ಸಿನ ಒಡಪು

೧೨ ಏಪ್ರಿಲ್ ೧೯೮೭, ಭಾನುವಾರ

ಪ್ರಮಾಣವಚನದ ದಿನ ಮಂಡಲ ಪಂಚಾಯಿತಿಯವರು ಮೆಂಬರರಿಗೆಲ್ಲ ಒಂದೊಂದು ಡೈರಿ ಕೊಟ್ಟರು. ಗಂಡಸರಲ್ಲಿ ಇಬ್ಬರು ಆಗಲೇ ಹಾಳೆ ಹರಿದು ಎಲೆ ಅಡಿಕೆ ಕಟ್ಟಿಕೊಂಡದ್ದನ್ನು ಕಣ್ಣಾರೆ ನೋಡಿದೆ. ನಾನು ಏಳನೆಯ ಕ್ಲಾಸು ಪಾಸಾದವಳು, ಹಾಳೆಯ ಬೆಲೆ ಗೊತ್ತು. ಮನೆಯಲ್ಲಿ ಹೇಗೇ ಮಾತಾಡಲಿ, ಬರೆಯುವಾಗ ಮಾತ್ರ ಶಾಲೆಯ ಕನ್ನಡದಲ್ಲೇ ಬರೆಯುತ್ತೇನೆ. ಓದುವವರು ಯಾರೂ ಇಲ್ಲ, ಆದರೂ ಮರ್ಯಾದೆ ಮರ್ಯಾದೆಯೇ.

ನಮ್ಮೂರು ಚಿಕ್ಕಗುಡ್ಡದ ಸೀಟು ಹೆಂಗಸರಿಗೆ ಬಂದದ್ದರಿಂದ ಹುಲಗಿಯ ಅಪ್ಪ ನನ್ನನ್ನು ನಿಲ್ಲಿಸಿದರು. "ಮೀಟಿಂಗಿನಾಗ ಮಾತು ನಾ ಆಡ್ತೀನಿ. ನೀ ಸಹಿ ಹಾಕು, ಸಾಕು" ಎಂದರು. ನನಗೂ ಅದು ಸರಿಯೆನಿಸಿತು. ನನ್ನ ಸಹಿ ದುಂಡಗೆ ಬರುತ್ತದೆ. ಇನ್ನು ನನ್ನ ಬಾಯಿ ಎಂಥದ್ದೆಂದು ಬಾವಿಕಟ್ಟೆಯವರಿಗೆ ಗೊತ್ತು. ಜಗಳಕ್ಕೆ ನಿಂತವರು ಖಾಲಿ ಕೊಡ ಹೊತ್ತು ಹೋದದ್ದುಂಟು.

ನನಗೆ ಬೇಕಾದದ್ದು ಒಂದೇ, ಊರಿಗೆ ಬಸ್ಸು. ಮಗಳು ಹುಲಗಿ ಏಳನೆಯ ಪರೀಕ್ಷೆ ಬರೆದಿದ್ದಾಳೆ. ಹೈಸ್ಕೂಲಿರುವುದು ದೇವದುರ್ಗದಲ್ಲಿ. ಊರಿಂದ ಅರಕೇರಾ ರಸ್ತೆಯ ಕ್ರಾಸಿಗೆ ನಾಲ್ಕು ಕಿಲೋಮೀಟರ್ ನಡಿಗೆ, ಅಲ್ಲಿಂದ ಟೆಂಪೋ. ಆ ಟೆಂಪೋದಲ್ಲಿ ಜನ ಒಬ್ಬರ ತೊಡೆಯ ಮೇಲೆ ಒಬ್ಬರು ಕೂತು ಹೋಗುತ್ತಾರೆ. "ಆ ಗಾಡ್ಯಾಗ ನನ್ನ ಮಗಳನ್ನ ಕಳಸಂಗಿಲ್ಲ" ಎಂದು ಅವರಪ್ಪ ಹೇಳಿಬಿಟ್ಟಿದ್ದಾರೆ. ಬಸ್ಸು ಬಂದರೆ ಸಾಲಿ, ಬರದಿದ್ದರೆ ಬಾಗಲವಾಡದ ನಾದಿನಿಯ ಮನೆ. ಅಲ್ಲಿ ಕಾಲುವೆ ನೀರಿದೆ, ಭತ್ತವಿದೆ, ನಾಟಿ ಮಾಡುವ ಕೈಗಳು ಬೇಕಾಗಿವೆ.

ಜೂನ್ ಒಳಗೆ ಬಸ್ಸು ತರುತ್ತೇನೆ. ಬರೆದಿಟ್ಟಿದ್ದೇನೆ.

೨೧ ಏಪ್ರಿಲ್, ಮಂಗಳವಾರ

ಮೊದಲ ಮೀಟಿಂಗು. ಪ್ರಧಾನ ಗದ್ದೆಪ್ಪ ನಡುವೆ ಕೂತಿದ್ದ. ಕ್ರಾಸಿನ ಟೆಂಪೋ ಅವನ ಅಳಿಯನದು. ಹುಲಗಿಯ ಅಪ್ಪ ನನ್ನ ಪರವಾಗಿ ಎದ್ದು ಬಸ್ಸಿನ ಮಾತು ತೆಗೆದರು. ಗದ್ದೆಪ್ಪ ನಗುತ್ತ, "ನಿಮ್ಮೂರಾಗ ಬಸ್ಸು ಹತ್ತೋರು ಯಾರದಾರಪಾ? ಕ್ವಾಣ ಹತ್ತಬೇಕು, ಇಲ್ಲಾ ಕುರಿ ಹತ್ತಬೇಕು" ಎಂದ. ಎಲ್ಲರೂ ನಕ್ಕರು. ಇವರೂ ಸ್ವಲ್ಪ ನಕ್ಕರು, ಅದು ನನಗೆ ಹಿಡಿಸಲಿಲ್ಲ.

ಸೆಕ್ರೆಟರಿ ಒಳ್ಳೆಯ ಮನುಷ್ಯ. ರಾಯಚೂರಿನ ಬಸ್ ಆಫೀಸಿಗೆ ಬರೀ ಠರಾವು ಕಳಿಸಿದರೆ ಸಾಲದು, ದಿನವೂ ಹತ್ತುವ ಇನ್ನೂರು ಜನರ ಪಟ್ಟಿ ಬೇಕು ಎಂದ. ಹೆಸರು, ತಂದೆಯ ಅಥವಾ ಗಂಡನ ಹೆಸರು, ಯಾತಕ್ಕೆ ಹೋಗುತ್ತಾರೆ, ಸಹಿ ಇಲ್ಲವೆ ಹೆಬ್ಬೆಟ್ಟು.

"ನಾ ಬರಕೊಂಡು ಬರ್ತೀನಿ" ಎಂದೆ. ಕೂತಲ್ಲಿಂದಲೇ ಹೇಳಿದೆ. ಇವರು ಎರಡು ಸಲ ಕೆಮ್ಮಿದರು.

೩ ಮೇ, ಭಾನುವಾರ

ಹತ್ತು ದಿನ ಮನೆ ಮನೆ ತಿರುಗಿದೆ. ಇನ್ನೂರ ಹನ್ನೆರಡು ಜನ! ಗಂಡಸರು ಅರವತ್ತೊಂಬತ್ತು, ಉಳಿದವರೆಲ್ಲ ಹೆಂಗಸರು.

ಗಂಡಸರದು ಸಲೀಸು. ಹೆಂಗಸರ ಹತ್ತಿರ ಮಾತ್ರ ಗಂಡನ ಹೆಸರಿನ ಕಾಲಮಿಗೆ ಬಂದರೆ ಸಾಕು, ಸೆರಗು ಬಾಯಿಗೆ ಹೋಗುತ್ತಿತ್ತು. ಗಂಡನ ಹೆಸರನ್ನು ಬಾಯಲ್ಲಿ ಆಡುವುದುಂಟೇ? ಆಯುಷ್ಯ ಕಡಿಮೆಯಾಗುತ್ತದೆ. ಒಬ್ಬಳು "ಲಂಕಿ ಸುಟ್ಟಾವ" ಎಂದಳು, ಹನುಮಂತ ಎಂದು ತಿಳಿದುಕೊಂಡೆ. ಇನ್ನೊಬ್ಬಳು ಬರೀ ಗುಡಿಯ ಕಡೆ ಬೆರಳು ತೋರಿಸಿದಳು. ಆ ಗುಡಿಯಲ್ಲಿ ಮೂರು ದೇವರಿದ್ದಾರೆ. ಪಕ್ಕದ ಮನೆಯವಳನ್ನು ಕೇಳೋಣವೆಂದರೆ ಅವಳಿಗೆ ಅವನು ಭಾವನಾಗಬೇಕು, ಭಾವನ ಹೆಸರನ್ನೂ ಹೇಳುವಂತಿಲ್ಲ. ಬಳೆ ಮಾರುವ ಹಾಜಿರಾ ಬೀ ಆದರೂ ಹೇಳಿಯಾಳು ಅಂದುಕೊಂಡೆ. ಅವಳು, "ಜಾಹೆದಾನ ಅಪ್ಪ ಅಂತ ಬರ್ಕೋ ತಿಮ್ಮವ್ವಾ, ಮತ್ತ ನನ್ನ ಬಾಯಿ ಬಿಡಸಬ್ಯಾಡ" ಎಂದಳು.

ಅಲ್ಲೇ ನನಗೆ ದಾರಿ ಹೊಳೆಯಿತು. ನೂರಾ ನಲವತ್ತಮೂರು ಹೆಂಗಸರಿಗೂ ಹಾಗೆಯೇ ಬರೆದೆ. ಜಾಹೆದಾಳ ಅಪ್ಪ, ಗೋಪಮ್ಮನ ಅಪ್ಪ, ಪಕೀರಮ್ಮನ ಅಪ್ಪ. ಮೊದಲನೆಯ ಹೆಸರು ನನ್ನದೇ: ತಿಮ್ಮವ್ವ, ಗಂಡನ ಹೆಸರು ಹುಲಗಿಯ ಅಪ್ಪ. ಯಾರಿಗೂ ಮುಜುಗರವಿಲ್ಲ, ಕಾಲಮೂ ತುಂಬಿತು. ಇಂಥ ಉಪಾಯ ಗಂಡಸರಿಗೆ ಹೊಳೆಯುತ್ತಿತ್ತೇ?

ಊರ ಹೊರಗಿನ ಕೇರಿಗೂ ಹೋಗಿದ್ದೆ. ಓಣಿಯ ಬಾಯಲ್ಲಿ ನಿಂತು ಕೂಗಿದೆ, ಅವರೇ ಬಂದು ಹೆಬ್ಬೆಟ್ಟು ಒತ್ತಿದರು. ಮಾನಮ್ಮ ಎಂಬುವಳು ದೇವದುರ್ಗದಲ್ಲಿ ರಸ್ತೆ ಕೆಲಸಕ್ಕೆ ಹೋಗುತ್ತಾಳೆ. ಏಳೂವರೆಗೆ ಹಾಜರಿ, ತಡವಾದರೆ ಅವತ್ತಿನ ಕೆಲಸವಿಲ್ಲ. ಅವಳ ಗಂಡ ಮುಂಬೈಗೆ ಹೋಗಿ ಎರಡು ವರ್ಷವಾಯಿತಂತೆ. ಯಾತಕ್ಕೆ ಹೋಗುತ್ತೀ ಎಂದು ಕೇಳಿದ್ದಕ್ಕೆ, "ಹೊಟ್ಟಿಗಿ" ಎಂದಳು. ಕೂಲಿ ಎಂದು ಬರೆದುಕೊಂಡೆ.

೧೨ ಮೇ, ಮಂಗಳವಾರ

ಇವರು ಪಟ್ಟಿ ಹಿಡಿದು ರಾಯಚೂರಿಗೆ ಹೋಗಿ ಬಂದರು. ಮುಖ ಹುಣಸೆಹಣ್ಣು ತಿಂದಂತಿತ್ತು.

ಸಾಹೇಬರು ಕೂಡಿಸಿ ಚಹಾ ಕೊಟ್ಟರಂತೆ. ಪಟ್ಟಿ ತಿರುವಿ, "ಇವರಲ್ಲಿ ಒಬ್ಬರ ಗಂಡನ ಹೆಸರೂ ಓಟರ್ ಲಿಸ್ಟಿನಲ್ಲಿಲ್ಲವಲ್ಲ?" ಎಂದು ಕೇಳಿದರಂತೆ. ಸಾಲದ್ದಕ್ಕೆ ಪಟ್ಟಿಗಿಂತ ಮುಂಚೆ ಗದ್ದೆಪ್ಪನ ಕಾಗದ ಅಲ್ಲಿಗೆ ಮುಟ್ಟಿದೆ. ಇಡೀ ಪಟ್ಟಿ ಖೊಟ್ಟಿ, ಒಬ್ಬ ಹೆಂಗಸು ಮನೆಯಲ್ಲಿ ಕೂತು ಬರೆದದ್ದು ಎಂದು ಅವನ ದೂರು. ಇಪ್ಪತ್ತನೆಯ ತಾರೀಖು ಬಸ್ ಆಫೀಸಿನ ಇನ್ಸ್‌ಪೆಕ್ಟರ್ ಊರಿಗೇ ಬರುತ್ತಾರೆ. ಪಟ್ಟಿಯಲ್ಲಿದ್ದವರು ತಾವೇ ಮುಂದೆ ಬಂದು ತಮ್ಮ ಹೆಸರು, ಗಂಡನ ಹೆಸರು ಹೇಳಬೇಕು.

"ನಿನ್ನ ಜಾಣತನ ಬಸ್ಸನ್ನ ನುಂಗಿತು" ಎಂದರು ಹುಲಗಿಯ ಅಪ್ಪ.

ನಾನು ಸುಮ್ಮನಿರುವವಳೇ? ಎಂಟು ದಿನ ಇದೆ, ನೋಡ್ರಿ ಎಂದೆ. ಗಂಡಂದಿರು ಹೆಂಡಂದಿರ ಹಿಂದೆ ನಿಂತು ತಂತಮ್ಮ ಹೆಸರು ತಾವೇ ಹೇಳಿದರಾಯಿತು.

೧೬ ಮೇ, ಶನಿವಾರ

ಹುಲಗಿ ಫಸ್ಟ್ ಕ್ಲಾಸಿನಲ್ಲಿ ಪಾಸು. ಓಣಿಗೆಲ್ಲ ಬೆಲ್ಲ ಹಂಚಿದೆ. ಸಂಜೆಗೆ ನಾದಿನಿಯ ಕಾಗದ ಬಂತು. ಜೂನ್ ಎರಡನೆಯ ವಾರದಲ್ಲಿ ಹುಡುಗಿಯನ್ನು ಕಳಿಸಬೇಕಂತೆ. ಹುಲಗಿಯೇ ಅದನ್ನು ಓದಿದಳು. ಓದಿ ಮಡಚಿ ಗೂಡಿನಲ್ಲಿಟ್ಟು ದನಕ್ಕೆ ನೀರು ತೋರಿಸಲು ಹೋದಳು. ಆ ಕಾಗದ ಬರಲೂ ಇವತ್ತೇ ಆಗಬೇಕಿತ್ತೇ?

೧೯ ಮೇ, ಮಂಗಳವಾರ

ಊರಿನ ಗಂಡಂದಿರನ್ನು ಎಣಿಸಿದೆ. ಅರ್ಧಕ್ಕಿಂತ ಹೆಚ್ಚು ಜನ ಊರಲ್ಲೇ ಇಲ್ಲ. ಮುಂಬೈ, ಪುಣೆ, ರಾಯಚೂರು. ನನ್ನ ಉಪಾಯಕ್ಕೆ ಕಾಲೇ ಇಲ್ಲ. ಇರಲಿ, ನಾಳೆ ಬಾಯಿ ಇದೆಯಲ್ಲ. ಒಂದು ಮಾತ್ರ ಖಂಡಿತ. ಹೆಸರು ಹೇಳು ಎಂದರೆ ನಾನೂ ಹೇಳಲಾರೆ. ಹದಿನಾರು ವರ್ಷದ ಸಂಸಾರದಲ್ಲಿ ಕನಸಿನಲ್ಲೂ ಹೇಳಿಲ್ಲ. ಇದರಲ್ಲಿ ನಗುವಂಥದ್ದೇನಿದೆ?

೨೦ ಮೇ, ಬುಧವಾರ

ಎಲ್ಲಿಂದ ಶುರು ಮಾಡಲಿ!

ಬೇವಿನ ಕಟ್ಟೆಯ ಮೇಲೆ ಶಾಲೆಯ ಕುರ್ಚಿ ಹಾಕಿ ಇನ್ಸ್‌ಪೆಕ್ಟರನ್ನು ಕೂಡಿಸಿದೆವು. ಕನ್ನಡಕದ ಹುಡುಗ, ಮೈಸೂರು ಕಡೆಯ ಮಾತು. ಪಕ್ಕದಲ್ಲಿ ಓಟರ್ ಲಿಸ್ಟು. ಗದ್ದೆಪ್ಪ ಕರೆಯದೆಯೇ ಬಂದು ಇನ್ನೊಂದು ಕುರ್ಚಿ ಹಿಡಿದಿದ್ದ. ಊರಿಗೆ ಊರೇ ನೆರೆದಿತ್ತು.

ಇನ್ಸ್‌ಪೆಕ್ಟರ್ ಮೊದಲ ಹೆಸರು ಕೂಗಿದರು, "ತಿಮ್ಮವ್ವ." ಮುಂದೆ ಹೋದೆ. "ಗಂಡನ ಹೆಸರು?"

ನನ್ನ ಸೆರಗೂ ಬಾಯಿಗೆ ಹೋಯಿತು. ಹಿಂದೆ ನಿಂತಿದ್ದ ಇವರು ಬಾಯಿ ತೆರೆದರು. ಇನ್ಸ್‌ಪೆಕ್ಟರ್ ಕೈ ಎತ್ತಿ, "ಅರ್ಜಿದಾರರೇ ಹೇಳಬೇಕು. ದೂರು ಬಂದಿದೆ, ನಾನೇನು ಮಾಡಲಿ?" ಎಂದರು. ಪಾಪ, ಅವರ ದನಿಯಲ್ಲಿ ಗಡಸಿರಲಿಲ್ಲ.

ಗದ್ದೆಪ್ಪ ಕಾಲ ಮೇಲೆ ಕಾಲು ಹಾಕಿದ. "ಮೆಂಬರಮ್ಮಗ ಗಂಡನ ಹೆಸರಽ ಗೊತ್ತಿಲ್ಲ. ಇನ್ನ ಊರ ಸುದ್ದಿ ಏನು ಗೊತ್ತಿದ್ದೀತು? ಏಳ್ರಿ ಸಾಹೇಬ್ರ, ಊಟಕ್ಕ ಹೋಗೂಣು."

ಸಾಹೇಬರು ನಿಜಕ್ಕೂ ಪೆನ್ನಿಗೆ ಮುಚ್ಚಳ ಹಾಕುತ್ತಿದ್ದರು. ಆಗ ಹೆಂಗಸರ ಗುಂಪಿನಿಂದ ಮುದುಕಿ ದುರುಗಮ್ಮನ ದನಿ ಬಂತು. "ಒಡಪು ಹಾಕಿ ಹೇಳಽ ತಿಮ್ಮಿ. ನಿನ್ನ ಮದುವ್ಯಾಗ ಹೊಸ್ತಿಲದಾಗ ಹೇಳಿರಲಿಲ್ಲೇನು?"

ಹೌದಲ್ಲ! ಮದುವೆಯಲ್ಲಿ, ಬಸುರಿಯ ಕುಬಸದಲ್ಲಿ ಹೆಂಗಸರು ದಾರಿ ಅಡ್ಡಗಟ್ಟಿ ಕೇಳಿದಾಗ ಎರಡು ಸಾಲು ಕಟ್ಟಿ ಅದರೊಳಗೆ ಗಂಡನ ಹೆಸರು ಸೇರಿಸಿ ಹೇಳುತ್ತೇವೆ. ಒಡಪಿನಲ್ಲಿ ಹೇಳಿದರೆ ದೋಷವಿಲ್ಲ. ಆದರೆ ಕಚೇರಿಯವರ ಮುಂದೆ ಒಡಪು ಹಾಕಿದವರನ್ನು ಯಾರು ಕಂಡಿದ್ದಾರೆ? ಸೆರಗು ಬಿಗಿಮಾಡಿ ಗದ್ದೆಪ್ಪನ ಮುಖವನ್ನೇ ನೋಡುತ್ತ ಹೇಳಿದೆ:

"ಅರಕೇರಾ ರಸ್ತ್ಯಾಗ ಕೆಂಪು ಬಸ್ಸು ಬರಲಿ,
ಯಮನೂರಪ್ಪನ ಹೆಸರು ಹೇಳ್ತೀನಿ, ಸಾಹೇಬರು ಬರಕೊಳ್ಳಲಿ!"

ಹೆಂಗಸರೆಲ್ಲ ಹೋ ಎಂದರು. ಸಾಹೇಬರು ಬಾಯಿ ತೆರೆದವರು ಮುಚ್ಚಲು ಮರೆತರು. ಆಮೇಲೆ ಲಿಸ್ಟಿನಲ್ಲಿ ಹುಡುಕಿ, "ಯಮನೂರಪ್ಪ, ಮನೆ ನಂಬರ್ ನಲವತ್ತು. ಸರಿ ಇದೆ" ಎಂದರು.

ಅಷ್ಟಾಗಿದ್ದೇ ತಡ, ಸಾಲು ಹತ್ತಿತು. ಹಾಜಿರಾ ಬೀ ಬುಟ್ಟಿ ಕೆಳಗಿಳಿಸಿ, "ಹಸಿರು ಬಳಿ, ಕೆಂಪು ಬಳಿ, ಡಜನ್ ಲೆಕ್ಕದಾಗ, ಖಾಸೀಂಸಾಬರ ಹೆಸರು ಬರೀರಿ ನಿಮ್ಮ ಬುಕ್ಕಿನಾಗ" ಎಂದಳು. ಖಾಸೀಂಸಾಬರು ಬೇವಿನ ಮರದ ಹಿಂದೆ ಸರಿದರು. ಹಂಪಯ್ಯ ತಾತ ಮಾತ್ರ ತನ್ನ ಮುದುಕಿಗೆ, "ಕಿವಿ ಮಂದ ಅದ, ಇನ್ನೊಮ್ಮೆ ಹೇಳಬೇ" ಎಂದು ಮೂರು ಸಲ ಹೇಳಿಸಿದ. ಮೊದಮೊದಲು ವಾಚು ನೋಡುತ್ತಿದ್ದ ಸಾಹೇಬರು ಆಮೇಲೆ ವಾಹ್ ವಾಹ್ ಎನ್ನತೊಡಗಿದರು. ಚಹಾ ಆರಿಹೋಯಿತು, ಇನ್ನೊಂದು ತಂದೆವು.

ಮಾನಮ್ಮನ ಸರದಿ ಬಂತು. ತಲೆ ತಗ್ಗಿಸಿಕೊಂಡೇ ಹೇಳಿದಳು:

"ಮುಂಬೈ ದೂರ, ಮುಗಿಲು ದೂರ, ಕಾಗದ ಬರೋದು ತಡ,
ಸುಂಕಪ್ಪನ ಹೆಸರು ಹೇಳೀನಿ, ಅವಗ ತಿಳಸಬ್ಯಾಡ."

ಹೇಳಿ ಹೋಗಬೇಕಿತ್ತು, ಹೋಗಲಿಲ್ಲ. ಅಲ್ಲೇ ನಿಂತು "ಸುಂಕಪ್ಪ" ಎಂದಳು, ಒಡಪಿಲ್ಲದೆ. ಮತ್ತೆ "ಸುಂಕಪ್ಪ" ಎಂದಳು, ಸಂತೆಯಲ್ಲಿ ಕಳೆದುಹೋದವರನ್ನು ಕರೆದ ಹಾಗೆ. ಯಾರೂ ನಗಲಿಲ್ಲ. ನಾನು ಹೋಗಿ ಅವಳ ಕೈ ಹಿಡಿದು ಪಕ್ಕಕ್ಕೆ ಕೂಡಿಸಿದೆ. ನನಗೂ ಅಳು ಬಂತು.

ಸಂಜೆ ಐದಕ್ಕೆ ಮುಗಿಯಿತು. ನೂರಾ ನಲವತ್ತಮೂರಕ್ಕೆ ನೂರಾ ನಲವತ್ತೊಂದು. ಒಬ್ಬಳು ಹೆರಿಗೆಗೆ ಹೋಗಿದ್ದಾಳೆ, ಒಬ್ಬಳಿಗೆ ಜ್ವರ. ಗದ್ದೆಪ್ಪ ಊಟಕ್ಕೂ ನಿಲ್ಲದೆ ಯಾವಾಗಲೋ ಎದ್ದು ಹೋಗಿದ್ದ.

೨೧ ಮೇ, ಗುರುವಾರ

ಗಂಟಲು ಕೂತಿದೆ. ಯಮನೂರಪ್ಪ ಬೆಳಗಿನಿಂದ ಏನೋ ಗುನುಗುತ್ತಿದ್ದಾರೆ. ಕಿವಿಗೊಟ್ಟು ಕೇಳಿದರೆ, ಕೆಂಪು ಬಸ್ಸು ಬರಲಿ ಅಂತೆ. "ಸಾಕು ಸುಮ್ಕಿರ್ರಿ" ಎಂದೆ.

೩೦ ಮೇ, ಶನಿವಾರ

ಮಂಜೂರಾಯಿತು! ವಸ್ತಿ ಬಸ್ಸು. ಸಂಜೆ ದೇವದುರ್ಗದಿಂದ ಬಂದು ಊರಲ್ಲೇ ಉಳಿದು ಬೆಳಿಗ್ಗೆ ವಾಪಸು ಹೋಗುವುದು. ಆರು ತಿಂಗಳು ಪರೀಕ್ಷೆಗೆ ಬಿಡುತ್ತಾರೆ. ಬೆಳಿಗ್ಗೆ ಎಷ್ಟು ಗಂಟೆಗೆ ಹೊರಡಬೇಕು, ಆರಕ್ಕೋ ಎಂಟೂವರೆಗೋ, ಅದನ್ನು ಮಂಡಲದವರು ಬರೆದು ಕಳಿಸಬೇಕಂತೆ. ಇದರಲ್ಲಿ ಕೇಳುವುದೇನಿದೆ? ಸಾಲಿ ಹತ್ತೂವರೆಗೆ, ಎಂಟೂವರೆಯೇ ಸರಿ.

ಹುಲಗಿಗೆ ಹೊಸ ಪಾಟಿಚೀಲ ಹೊಲಿದೆ. ಡ್ರೈವರ್ ಕಂಡಕ್ಟರಿಗೆ ಮಲಗಲು ಶಾಲೆಯ ಪಡಸಾಲೆ ಗೊತ್ತು ಮಾಡಿದೆ. ಸಂಜೆ ಮಾನಮ್ಮನ ಮನೆಗೆ ಹೋಗಿ ಸುದ್ದಿ ಹೇಳಿದೆ. ಅವಳ ಹೊಸ್ತಿಲ ಮೇಲೆ ಕೂತು ಚಹಾ ಕುಡಿದೆ, ಬೆಲ್ಲ ಹೆಚ್ಚಾಗಿತ್ತು. "ಎಷ್ಟು ಗಂಟಿಗೆ ಬಿಡ್ತದಕ್ಕಾ?" ಎಂದು ಕೇಳಿದಳು. ಇನ್ನೂ ಗೊತ್ತಾಗಿಲ್ಲ ಎಂದೆ. ಯಾಕೆ ಹಾಗೆಂದೆನೋ.

೨ ಜೂನ್, ಮಂಗಳವಾರ

ಮೀಟಿಂಗಿಗೆ ಒಬ್ಬಳೇ ಹೋಗಿದ್ದೆ. ಯಮನೂರಪ್ಪ ಕುಂಟೆ ರಿಪೇರಿಗೆ ಹೋಗಿದ್ದರು.

ಪಂಚಾಯಿತಿ ಕಟ್ಟೆಯ ಮೇಲೆ ಗದ್ದೆಪ್ಪ ಕಾಯುತ್ತಿದ್ದ. ಎಂದೂ ಇಲ್ಲದ ಅಕ್ಕರೆ. "ಬಾ ತಂಗಿ. ನಿನ್ನ ಮಗಳು ಫಸ್ಟ್ ಕ್ಲಾಸ್ ಅಂತಲ್ಲ, ಭಾಳ ಖುಷಿ ಆತು. ಎಂಟೂವರಿ ಅಂತ ನಾನಽ ಬರಸ್ತೀನಿ. ನೀ ಕೈ ಎತ್ತು, ಸಾಕು."

ನನಗೆ ಬೇಕಾದದ್ದನ್ನೇ ತಟ್ಟೆಯಲ್ಲಿಟ್ಟು ಕೊಟ್ಟ. ಯಾಕೆ ಕೊಟ್ಟ ಎಂಬುದೂ ಆಗಲೇ ತಿಳಿಯಿತು. ಅವನ ಅಳಿಯನ ಟೆಂಪೋ ತುಂಬುವುದು ಬೆಳಗಿನ ಕೂಲಿಯವರಿಂದ. ಬಸ್ಸು ಎಂಟೂವರೆಗೆ ಬಿಟ್ಟರೆ ಅವರೆಲ್ಲ ಏಳೂವರೆಯ ಹಾಜರಿಗೆ ಮತ್ತೆ ನಾಲ್ಕು ಕಿಲೋಮೀಟರ್ ನಡೆದು ಅವನ ಗಾಡಿಯನ್ನೇ ಹತ್ತಬೇಕು. ಹತ್ತಲಿ, ನನಗೇನು, ಇಷ್ಟು ವರ್ಷ ಹತ್ತಿಲ್ಲವೇ ಅಂದುಕೊಂಡೆ. ನಿಜವಾಗಿಯೂ ಅಂದುಕೊಂಡೆ, ಸುಳ್ಳು ಯಾಕೆ ಬರೆಯಲಿ?

ಒಳಗೆ ಸೆಕ್ರೆಟರಿ ಪಟ್ಟಿ ಬಿಚ್ಚಿದ. ನನ್ನದೇ ದುಂಡಕ್ಷರ. ಯಾತಕ್ಕೆ ಎಂಬ ಕಾಲಮಿನಲ್ಲಿ ಕೂಲಿ, ಕೂಲಿ, ಕೂಲಿ, ಹಾಳೆಯ ಕೊನೆಯವರೆಗೆ. ಸಾಲಿ ಎಂಬುದು ಐದೇ ಕಡೆ. "ಎಂಟೂವರಿಗೆ ಒಪ್ಪಿಗಿ ಇದ್ದವರು?" ಎಂದ ಗದ್ದೆಪ್ಪ. ನನ್ನ ಕೈ ತೊಡೆಯಿಂದ ಮೇಲೆದ್ದಿತ್ತು. ಆ ಕೈಯನ್ನೇ ಮೇಜಿಗೆ ಬಡಿದು, "ಆರು ಗಂಟಿ ಅಂತ ಬರೀರಿ. ಹೆಸರು ಹೇಳಿದವರು ಕೂಲಿಯವರು, ಬಸ್ಸು ಅವರದು" ಎಂದೆ. ಗದ್ದೆಪ್ಪನ ಕಡೆಯ ನಾಲ್ಕು ಕೈ ಬಿಟ್ಟರೆ ಉಳಿದವರೆಲ್ಲ ನನ್ನ ಕಡೆ ಬಂದರು.

ದಾರಿಯುದ್ದಕ್ಕೂ ನನ್ನನ್ನೇ ಬೈದುಕೊಂಡು ಬಂದೆ. ಹೆತ್ತ ಮಗಳ ಕೈಯಿಂದ ಪುಸ್ತಕ ಕಸಿದು ಬಂದೆನಲ್ಲ.

೩ ಜೂನ್, ಬುಧವಾರ

ಹುಲಗಿ ಹೊಸ ಪಾಟಿಚೀಲವನ್ನು ಮಡಚಿ ಗೂಡಿನಲ್ಲಿಟ್ಟಿದ್ದಾಳೆ. ಯಮನೂರಪ್ಪ ಮೆಲ್ಲಗೇ ಕೇಳಿದರು. "ಆರಕ್ಕ ಹತ್ತಿದ್ರ ಏಳಕ್ಕ ದೇವದುರ್ಗ. ಸಾಲಿ ಬಾಗಲಾ ತಗಿಯೂದು ಹತ್ತೂವರಿಗೆ. ಮೂರೂವರಿ ತಾಸು ಒಂಟಿ ಹುಡುಗಿ ಬಸ್‌ಸ್ಟ್ಯಾಂಡಿನಾಗ ಏನ್ ಮಾಡ್ತಾಳ? ಬಾಗಲವಾಡಕ್ಕ ಬರ್ತಾಳ ಅಂತ ಕಾಗದ ಹಾಕ್ಲಿ?"

"ಎರಡು ದಿನ ತಡೀರಿ" ಎಂದು ಕೊಡ ಹೊತ್ತು ಬಾವಿಗೆ ಹೋದೆ.

೪ ಜೂನ್, ಗುರುವಾರ

ಸಂಜೆ ಮಾನಮ್ಮ, ಹಾಜಿರಾ ಬೀ ಮತ್ತೆ ಆರೇಳು ಜನ ಕೂಲಿ ಹೆಂಗಸರು ಮನೆಗೆ ಬಂದರು. ಹಾಜಿರಾ ಬೀ ಪಡಸಾಲೆಯಲ್ಲಿ ಕೂತಳು. ಮಾನಮ್ಮ ಅಂಗಳದಲ್ಲೇ ನಿಂತಳು. "ಒಳಗ ಬಾ" ಎಂದೆ. ಬಂದಳು.

"ಯಮನೂರಣ್ಣಾ, ಸೆಕ್ರೆಟರಿ ಎಲ್ಲಾ ಹೇಳ್ಯಾನ" ಎಂದಳು. "ಅಕ್ಕ ನಮ್ಮ ಹೊಟ್ಟಿಗಂತ ಮಗಳ ಟೈಮು ಬಿಟ್ಟಾಳ. ಹುಡುಗಿ ಒಂಟಿ ಯಾಕ ಆಗ್ತಾಳ? ನಾವು ನಲವತ್ತು ಮಂದಿ ಇಳೀತೀವಿ."

ಹಾಜಿರಾ ಬೀ ಮುಂದುವರಿಸಿದಳು. "ಬಸ್‌ಸ್ಟ್ಯಾಂಡ್ ಮಗ್ಗಲದಾಗ ನನ್ನ ಬಳಿ ಬುಟ್ಟಿ. ಅಲ್ಲೇ ಕುಂತು ಓದ್ತಾಳ. ಹತ್ತಕ್ಕ ನಾನಽ ಸಾಲಿ ಬಾಗಲಾ ಮುಟ್ಟಸ್ತೀನಿ. ಯಾವನರ ಕಣ್ಣೆತ್ತಿ ನೋಡ್ಲಿ, ಬಳಿ ತೊಡಿಸಿ ಕಳಸ್ತೀನಿ."

ಯಮನೂರಪ್ಪ ಅಡುಗೆಮನೆಯ ಕಡೆ ಒಮ್ಮೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಅಕಿಗೊಂದು ಜೋಡು ಚಪ್ಪಲಿ ತರಬೇಕಲ್ಲ. ಡಾಂಬರು ಕಾಲು ಸುಡ್ತದ" ಎಂದರು. ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದಾಯಿತು. ಹುಲಗಿ ಕೇಳಿಸಿಕೊಳ್ಳುತ್ತಿದ್ದಳು.

೮ ಜೂನ್, ಸೋಮವಾರ

ನಿನ್ನೆ ಸಂಜೆ ಬಸ್ಸು ಬಂತು. ಕಾಯಿ ಒಡೆದೆವು, ಕುಂಕುಮ ಹಚ್ಚಿದೆವು. ಡ್ರೈವರನಿಗೆ ನಮ್ಮ ಮನೆಯಿಂದಲೇ ರೊಟ್ಟಿ ಹೋಯಿತು.

ಇವತ್ತು ಬೆಳಿಗ್ಗೆ ಮೊದಲ ಬಸ್ಸಿನಲ್ಲಿ ನಾನೂ ಹೋಗಬೇಕೆಂದು ಇಳಕಲ್ಲು ಸೀರೆ ಉಟ್ಟು ಹೊರಟಿದ್ದೆ. ಬಸ್ಸು ತಂದವಳು ನಾನಲ್ಲವೇ, ಡ್ರೈವರನ ಹಿಂದಿನ ಸೀಟು ನನ್ನದೇ ಅಂದುಕೊಂಡಿದ್ದೆ. ಹೋಗಿ ನೋಡಿದರೆ ಕಾಲಿಡಲು ಜಾಗವಿಲ್ಲ! ಪುಟ್ಟಿ, ಗುದ್ದಲಿ, ಬುತ್ತಿಗಂಟು, ಎಲ್ಲಿ ನೋಡಿದರೂ ಹೆಂಗಸರು. ಮೆಟ್ಟಿಲ ಮೇಲೆ ನಿಂತಿದ್ದೆ. ಹಿಂದಿನಿಂದ ವೆಂಕಮ್ಮನ ಮಗಳು ಗೋಪಮ್ಮ ಪಾಟಿಚೀಲ ಹಿಡಿದು ಓಡಿ ಬಂದಳು. ಕಂಡಕ್ಟರ್, "ಇನ್ನೊಬ್ಬರಿಗಷ್ಟಽ ಜಾಗ ಅದ. ಯಾರು ಬರ್ತೀರಿ ಲಗೂನ ಹೇಳ್ರಿ" ಎಂದ. ನಾನು ಇಳಿದೆ.

ಹುಲಗಿ ಒಳಗೆ ಕಂಬಿ ಹಿಡಿದು ನಿಂತಿದ್ದಳು, ಕಾಲಲ್ಲಿ ಹೊಸ ಚಪ್ಪಲಿ. ಕಿಟಕಿಯ ಹತ್ತಿರ ಹೋಗಿ, ಬುತ್ತಿ ಹುಷಾರು, ಹಾಜಿರಾ ಬೀಯ ಬುಟ್ಟಿ ಬಿಟ್ಟು ಎಲ್ಲೂ ಹೋಗಬೇಡ ಎಂದೆ. ಅವಳು ಕೇಳಿಸಿಕೊಳ್ಳಲಿಲ್ಲ. ಮಾನಮ್ಮ ಬೆನ್ನಿಗೆ ಗುದ್ದಲಿ ಒರಗಿಸಿಕೊಂಡು ಏನೋ ಕೇಳುತ್ತಿದ್ದಳು. ಬಸ್ಸಿನೊಳಗಿನ ಬೋರ್ಡಿನ ಮೇಲೆ ಬರೆದಿದ್ದ ಅಕ್ಷರಗಳನ್ನು ಹುಲಗಿ ಒಂದೊಂದಾಗಿ ಬೆರಳಿಟ್ಟು ಅವಳಿಗೆ ಓದಿ ಹೇಳುತ್ತಿದ್ದಳು. ಬಸ್ಸು ಹೊರಟಿತು. ಕೈ ಎತ್ತಿ ನಿಂತೆ. ಮಗಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಸಿಟ್ಟು ಬಂತು. ಧೂಳು ಅಡಗುವವರೆಗೂ ಅಲ್ಲೇ ನಿಂತಿದ್ದೆ, ಆ ಹೊತ್ತಿಗೆ ಸಿಟ್ಟು ಇಳಿದಿತ್ತು. ಯಮನೂರಪ್ಪ ಪಕ್ಕದಲ್ಲಿದ್ದರು. "ನಡಿ, ನಿನಗ ಸೀಟು ಸಿಗಲಿಲ್ಲ" ಎಂದು ನಕ್ಕರು. "ಸಿಗಬಾರದು ಬಿಡ್ರಿ" ಎಂದೆ. ಅವರಿಗೆ ಅರ್ಥವಾಯಿತೋ ಇಲ್ಲವೋ.

ಮನೆಗೆ ಬಂದು ಸೀರೆ ಬದಲಿಸಿ ಹೊಲಕ್ಕೆ ಹೋದೆ. ಇಷ್ಟು ಹಗುರವಾಗಿ ಕಳೆ ಕಿತ್ತ ನೆನಪಿಲ್ಲ.